ಕಿವಿರಾಯರ ವಾಲ್ವ್ ಪೆಟ್ಟಿಗೆ

ಬೀದಿಯಲ್ಲಿ ಯಾರೇ ರೇಡಿಯೋ ಕೊಳ್ಳಲಿ, ಸ್ಪೀಕರ್ ಕೊಳ್ಳಲಿ, ಮೊದಲು ರಾಯರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕೇಳಿಸುತ್ತಿದ್ದರು. ಹಾಗಾಗಿಯೇ ಕಿವಿರಾಯರು ಎಂಬ ಹೆಸರು ಅಂಟಿಕೊಂಡಿತ್ತು. ಅಚ್ಚುಕೂಟದ ಕೆಲಸದಿಂದ ನಿವೃತ್ತರಾದ ಮೇಲೆ ಮರ್ಯಾದೆ ಅಂತ ಉಳಿದಿದ್ದದ್ದೇ ಆ ಹೆಸರಿನಲ್ಲಿ. ಈಗ ಅದಕ್ಕೇ ಸಂಚಕಾರ ಬಂದಿತ್ತು. ತಂದವನು ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ.

ಈ ಭಾವಮೈದುನ ಮೀಟರ್ ರಿಪೇರಿಯವನು. ಏನನ್ನೇ ಆಗಲಿ ಅಳೆಯದೆ ನಂಬುವ ಪೈಕಿ ಅಲ್ಲ. ಅಕ್ಕನ ಮನೆಗೆಂದು ಪ್ರೀತಿಯಿಂದ ಒಂದು ಹೊಸ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತಂದುಕೊಟ್ಟ. ರಾಯರು ಒಂದೇ ಒಂದು ಹಾಡು ಕೇಳಿ, ಮೂಗು ಮುರಿದರು.

"ಚೆನ್ನಾಗಿದೆ ಕಣಯ್ಯ. ಆದ್ರೆ ಜೀವ ಇಲ್ಲ."

ಜೀವ ಇದ್ದದ್ದು ಅವರು ಪ್ರಾಯದಲ್ಲಿ ತಮ್ಮ ಕೈಯಾರೆ ಜೋಡಿಸಿದ್ದ ವಾಲ್ವ್ ಆಂಪ್ಲಿಫೈಯರಿನಲ್ಲಿ ಮಾತ್ರ. ಗಾಜಿನ ವಾಲ್ವುಗಳು ಕೆಂಪಗೆ ಹೊತ್ತಿಕೊಂಡು, ಮೈ ಕಾಯಿಸಿಕೊಂಡ ಮೇಲೆಯೇ ಅದು ಹಾಡುವುದು. ಸ್ವರವೂ ಬೆಚ್ಚಗಿರುತ್ತದೆ ಎಂದು ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ಅವರ ತಲೆ ತಿಂದಿದ್ದರು.

"ಜೀವ ಅಂದ್ರೆ ಏನು ಭಾವ? ನನಗೂ ಸ್ವಲ್ಪ ತೋರ್ಸಿ."

"ಅದೆಲ್ಲಾ ನಿನ್ನ ಮೀಟರಿಗೆ ಸಿಗುತ್ತೇನಯ್ಯ? ಕಿವಿ ಬೇಕು, ಕಿವಿ!"

"ಸರಿ ಹಾಗಾದ್ರೆ. ಅಡ್ಡ ಬೆಡ್‌ಶೀಟ್ ಕಟ್ತೀನಿ. ಯಾವುದು ಹಾಡ್ತಿದೆ ಅಂತ ಕೇಳಿ ಹೇಳಿ. ಹೇಳಿಬಿಟ್ರೆ ನಂದನ್ನ ವಾಪಸ್ ಹೊತ್ಕೊಂಡು ಹೋಗ್ತೀನಿ, ಮತ್ತೆ ಬಾಯಿ ಬಿಡಲ್ಲ. ತಪ್ಪಿದ್ರೆ ನಿಮ್ಮ ಒಲೆ ನನ್ನ ಶೆಡ್ಡಿಗೆ."

ತಮ್ಮ ವಾಲ್ವ್ ಪೆಟ್ಟಿಗೆಯನ್ನು ಒಲೆ ಅಂದದ್ದು ರಾಯರ ಎದೆಗೆ ನಾಟಿತು. ಹಿಂದೆಮುಂದೆ ನೋಡದೆ ಒಪ್ಪಿಕೊಂಡರು.

ಭಾನುವಾರಕ್ಕೆ ತಮ್ಮ ಪೆಟ್ಟಿಗೆಯನ್ನು ಮದುವೆಗಂಡಿನ ಹಾಗೆ ಸಿಂಗರಿಸಿದ್ದೇ ಸಿಂಗರಿಸಿದ್ದು. ವಾಲ್ವುಗಳನ್ನು ಒರೆಸಿದರು. ಉಬ್ಬಿಹೋಗಿದ್ದ ಹಳೇ ಕಂಡೆನ್ಸರುಗಳನ್ನು ಕಿತ್ತು ಹೊಸವನ್ನು ಬೆಸುಗೆ ಹಾಕಿದರು. ಇಷ್ಟು ವರ್ಷ ಹಾಡಿನ ಅಡಿಯಲ್ಲಿ ಸಣ್ಣಗೆ ಗುಂಯ್ ಅನ್ನುತ್ತಿದ್ದ ಸದ್ದು ಪೂರ್ತಿ ನಿಂತುಹೋಯಿತು. ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಅಡುಗೆಮನೆ ತಟ್ಟೆ..." ಎಂದು ಏನೋ ಶುರು ಮಾಡಿದರು. "ಆಮೇಲೆ, ಆಮೇಲೆ," ಎಂದು ರಾಯರು ತಲೆ ಎತ್ತದೆ ಕೈ ಬೀಸಿದರು.

ಭಾನುವಾರ ಭಾವಮೈದುನ ಬೆಡ್‌ಶೀಟ್ ಕಟ್ಟಿದ, ಮೀಟರ್ ಹಿಡಿದ, ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತರುತ್ತೇನೆಂದು ಗುಂಡಿ ತಿರುಗಿಸುತ್ತಲೇ ಕೂತ. ಕುರ್ಚಿಯಲ್ಲಿ ಕಾದು ಕಾದು ರಾಯರಿಗೆ ರೇಗಿಹೋಯಿತು.

"ಸಾಕು ಮಾಡಯ್ಯ, ಸದ್ದನ್ನೇನು ಗ್ರಾಂ ಲೆಕ್ಕದಲ್ಲಿ ತೂಗ್ತೀಯ?"

"ಒಂದು ಚೂರು ಜೋರಾಗಿದ್ರೂ ಅದೇ ಚೆನ್ನಾಗಿದೆ ಅನ್ಸುತ್ತೆ ಭಾವ. ಯಾರಿಗಾದ್ರೂ ಅಷ್ಟೆ."

"ಯಾರಿಗಾದ್ರೂ ಅನ್ಸಲಿ. ನನಗೆ ಅನ್ಸಲ್ಲ."

ಸ್ವಿಚ್ಚು ಕಟಕ್ಕೆಂದಿತು. ಸ್ಪೀಕರ್ ಅವೇ, ಹಾಡೂ ಅದೇ: ಒಂದು ಹೆಣ್ಣು ದನಿ, ಹಿಂದೆ ಡ್ರಮ್ಮು. ಮತ್ತೆ ಕಟಕ್. ಈ ಸಲ ಹಾಡಿನ ಅಡಿಯಲ್ಲಿ ಬೆಚ್ಚಗೆ ಏನೋ ಹಾಸಿದಂತಿತ್ತು. ರಾಯರ ಮುಖ ಅರಳಿತು.

"ಇದೇ! ವಾಲ್ವ್!"

"ಇನ್ನೊಂದು ಸಲ ಕೇಳಿ ಭಾವ."

"ಕೇಳೋದೇನು ಬಂತು? ಸಾಕಿದವನಿಗೆ ಗೊತ್ತಾಗಲ್ವಾ?"

ಭಾವಮೈದುನ ಬೆಡ್‌ಶೀಟ್ ಸರಿಸಿದ. ಹಾಡುತ್ತಿದ್ದದ್ದು ಹೊಸದು. ಅವನೇ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡ. ಹಾಡಿನ ತಂತಿ ಕರೆಂಟಿನ ವೈರಿಗೆ ಒತ್ತಿಕೊಂಡು ಬಿದ್ದಿತ್ತು, ಅದಕ್ಕೇ ಗುಂಯ್ ಅನ್ನುತ್ತಿತ್ತು. ಬಿಡಿಸಿದ ಕೂಡಲೇ ಸದ್ದು ನಿಂತಿತು.

"ನನ್ನದೇ ತಪ್ಪು ಭಾವ. ಮತ್ತೆ ಮಾಡೋಣ."

ರಾಯರು ಆ ತಂತಿಯನ್ನೇ ನೋಡಿದರು. ಇಷ್ಟು ವರ್ಷ ಜೀವ ಜೀವ ಎಂದು ಊರಿಗೆಲ್ಲ ಸಾರಿದ್ದು ಸವೆದ ಕಂಡೆನ್ಸರಿನ ಗೊರಕೆಯನ್ನೇ? ಅದನ್ನೂ ಮೊನ್ನೆ ತಮ್ಮ ಕೈಯಿಂದಲೇ ಕಿತ್ತು ಎಸೆದಿದ್ದರು!

ಮತ್ತೆ ಕೂತರು. ಕಟಕ್. ಕಟಕ್. ಕಣ್ಣು ಮುಚ್ಚಿ ಕೇಳಿದರು, ಕೈಯನ್ನು ಕಿವಿಗೆ ಅಡ್ಡ ಹಿಡಿದು ಕೇಳಿದರು. ಹೆಣ್ಣು ದನಿ ಎರಡರಲ್ಲೂ ಅಷ್ಟೇ ಚೆಂದ. ಒಮ್ಮೆ ತಪ್ಪು ಹೇಳಿದರು, ಒಮ್ಮೆ ಸರಿಯಾಯಿತು. ಸರಿಯಾದದ್ದು ಕುರುಡು ಅದೃಷ್ಟ ಎಂದು ಬೇರೆಯವರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಬೆಡ್‌ಶೀಟಿನ ಮೇಲೆ ಸಿಟ್ಟು ಬಂತು, ಪಕ್ಕದ ಮನೆಯಲ್ಲಿ ಸದ್ದು ಮಾಡುತ್ತಿದ್ದ ಪಂಪಿನ ಮೇಲೆ ಸಿಟ್ಟು ಬಂತು, ಹಾಡುತ್ತಿದ್ದ ಹೆಂಗಸಿನ ಮೇಲೂ ಬಂತು. ಕೊನೆಗೆ ಎದ್ದು ನಿಂತರು.

"ಸಾಕು, ನಿಲ್ಸು. ನನ್ನ ಪೆಟ್ಟಿಗೆ ತಗೊಂಡು ಹೋಗು," ಎಂದರು.

ಭಾವಮೈದುನ ಹಾಡು ನಿಲ್ಲಿಸಿದ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

"ಹಳೇದು ಹಾಡ್ತಿತ್ತಲ್ಲ, ಯಾಕೆ ನಿಲ್ಸಿದ್ರಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಹಾಡುತ್ತಿದ್ದದ್ದು ಹಳೆಯದೇ.

"ನಿನಗೆ ಹೇಗೆ ಗೊತ್ತಾಯ್ತು ಅಕ್ಕ?"

"ತಟ್ಟೆ ಅದುರ್ತಿತ್ತಲ್ಲ."

ಭಾವಮೈದುನ ಮತ್ತೆ ಸ್ವಿಚ್ಚು ಒತ್ತಿದ, ಮತ್ತೆ ಬದಲಿಸಿದ, ಮೋಸ ಮಾಡಲೆಂದು ಬದಲಿಸಿದ ಹಾಗೆ ನಟಿಸಿಯೂ ನೋಡಿದ. ಅಕ್ಕ ಸೌಟು ಕೆಳಗಿಡದೆ ಹಳೇದು, ಹೊಸದು ಎಂದು ಹೇಳುತ್ತಲೇ ಹೋದರು. ಒಂದೂ ತಪ್ಪಲಿಲ್ಲ.

"ಡ್ರಮ್ಮಿನ ಏಟು ಹೊಸದ್ರಲ್ಲಿ ಟಕ್ ಅಂತ ನಿಲ್ಲುತ್ತೆ. ಹಳೇದು ಸ್ವಲ್ಪ ಎಳೆಯುತ್ತೆ. ಆಗ ಈ ಗೋಡೆ ಹಲಗೆ ಮೇಲಿನ ತಟ್ಟೆ ಅದುರುತ್ತೆ. ಎಷ್ಟು ಸಲ ಹೇಳಿದೀನಿ ಇವರಿಗೆ, ಕೇಳಿಸ್ಕೊಂಡಿದಾರಾ?"

ಭಾವಮೈದುನ ಮೀಟರನ್ನು ಚೀಲಕ್ಕೆ ಹಾಕಿದ. "ವ್ಯತ್ಯಾಸ ಇದೆ ಭಾವ. ನೀವು ಹೇಳಿದ್ದು ನಿಜ. ನಿಮ್ಮ ಪೆಟ್ಟಿಗೆ ಇಲ್ಲೇ ಇರ್ಲಿ," ಎಂದು ತನ್ನದನ್ನು ಬಗಲಲ್ಲಿಟ್ಟುಕೊಂಡು ಹೊರಟೇಬಿಟ್ಟ.

ಗೆದ್ದದ್ದಂತೂ ಗೆದ್ದಾಯಿತು. ಆದರೆ ಗೆದ್ದದ್ದು ರಾಯರ ಕಿವಿಯಲ್ಲ. ಹಾಡನ್ನು ಮತ್ತೆ ಹಚ್ಚಿ ಅಡುಗೆಮನೆಗೆ ಹೋದರು, ತಟ್ಟೆಯ ಅಂಚಿಗೆ ಬೆರಳಿಟ್ಟರು. ಪ್ರತಿ ಏಟಿಗೂ ಅದು ಸಣ್ಣಗೆ ನಡುಗುತ್ತಿತ್ತು.

"ಯಾವತ್ತು ಹೇಳಿದ್ದೆ ನೀನು?"

"ಯಾವತ್ತು ಹೇಳಿಲ್ಲ?"

ರಾಯರ ಕಿವಿ ಬಿಸಿಯಾಯಿತು. ಹೊರಗಿನ ಕುರ್ಚಿಯನ್ನು ಎಳೆದುತಂದು ಬಾಗಿಲ ಪಕ್ಕದಲ್ಲಿ ಹಾಕಿಕೊಂಡರು.

"ಇನ್ನೇನೇನು ಹೇಳಿದ್ದೆ, ಹೇಳು."

ಹೆಂಡತಿ ಅವರನ್ನೊಮ್ಮೆ ನೋಡಿ ಒಲೆ ಸಣ್ಣ ಮಾಡಿದರು.

"ಮೊದಲು ಆ ಪೆಟ್ಟಿಗೆ ಆರಿಸಿ ಬನ್ನಿ," ಎಂದರು.

ರಾಯರು ಎದ್ದು ಹೋಗಿ ಆರಿಸಿ ಬಂದು ಕೂತರು.