ಕೆಂಚಿ ಹಾರುವ ಗೋಡೆ

ಗೋಡೆಯ ಆಚೆ ಮಾರೆಪ್ಪ ಬೇಡವೆಂದು ಕೈ ಎತ್ತಿ ನಿಂತಿದ್ದು ಕಂಡೂ ದೇಸಾಯಿಯ ಮಗ ಕುದುರೆಗೆ ಚಾಟಿ ಬೀಸಿದ. ಕುದುರೆ ಗೋಡೆ ಹಾರಿ ಮಾರೆಪ್ಪನ ಎದೆಯ ಮೇಲೆ ಇಳಿಯಿತು. ಯಲಬುರ್ಗಿ ದವಾಖಾನೆ ಮುಟ್ಟುವ ಮೊದಲೇ ಚಕ್ಕಡಿಯಲ್ಲಿ ಜೀವ ಹೋಯಿತು. ಪೊಲೀಸ್ ಜಮಾದಾರ ಬಂದು, ದೇಸಾಯಿಯ ವಾಡೆಯಲ್ಲಿ ಚಹಾ ಕುಡಿದು, ಕುದುರೆ ಕಾಯುವವನನ್ನು ಕುದುರೆ ಒದ್ದಿತೆಂದು ಬರೆದುಕೊಂಡು ಹೋದ.

ಮರುದಿನ ಬೆಳಿಗ್ಗೆ ಕೇರಿಯವರು ಹೆಣಕ್ಕೆ ನೀರು ಹಾಕುತ್ತಿದ್ದಾಗ ವಿರುಪಣ್ಣ ಅಂಗಳದ ತುಂಬ ಓಡಾಡುತ್ತಿದ್ದ. ಅವನು ಸತ್ತವನ ಚಿಕ್ಕಪ್ಪ, ಕೇರಿಯ ಹಿರಿಯ. ಚಟ್ಟ ಕಟ್ಟುವವರಿಗೂ ಲಗೂ ಎನ್ನುತ್ತಿದ್ದ, ಹಲಗೆ ಕಾಯಿಸುವವರಿಗೂ ಲಗೂ ಎನ್ನುತ್ತಿದ್ದ. ವಾಡೆಯವರು ಇನ್ನೇನಾದರೂ ಅನ್ನುವ ಮೊದಲೇ ಮಣ್ಣು ಮುಚ್ಚಿಬಿಡಬೇಕು ಎಂಬುದು ಅವನ ಆತುರ.

ಹೆಂಡತಿ ಹುಲಿಗವ್ವ ಗಂಡನ ಅಂಗೈ ತಿಕ್ಕುತ್ತಿದ್ದಳು. ಲಗಾಮು ಹಿಡಿದು ಹಿಡಿದು ದಡ್ಡುಗಟ್ಟಿದ ಅಂಗೈ. ಎಷ್ಟು ತಿಕ್ಕಿದರೂ ಕುದುರೆಯ ವಾಸನೆ ಹೋಗಲೊಲ್ಲದು.

"ನಿನಗಿಂತ ಆ ಕೆಂಚಿ ಕುದುರೀ ಕೂಡನ ಹೆಚ್ಚು ಮಾತಾಡ್ತಿದ್ದ ನೋಡು," ಎಂದಳು ನೆರೆಮನೆಯ ಕರಿಯವ್ವ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

"ಅದು ತಿರುಗಿ ಬೈತಿರಲಿಲ್ಲಲ್ಲ ಯಕ್ಕಾ."

ಯಾರೋ ನಕ್ಕರು. ನಕ್ಕವರೇ ಮತ್ತೆ ಅತ್ತರು.

*

ತುರ್ತು ಪರಿಸ್ಥಿತಿ ಮುಗಿದ ವರ್ಷ ದೇಸಾಯಿಯ ಮಗ ಹೈದರಾಬಾದಿನಿಂದ ಆ ಕೆಂಪು ಕುದುರೆ ತಂದಿದ್ದ. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಮಾರೆಪ್ಪ ಕೆಂಚಿ ಎಂದು ಕರೆದ. ಕುದುರೆ ಆ ಹೆಸರಿಗೇ ಕಿವಿ ನಿಮಿರಿಸಿತು. ಅದು ಹಾರಲೆಂದು ಸುಡುಗಾಡಿನ ಹಾದಿಗೆ ಅಡ್ಡಲಾಗಿ ಎದೆಮಟ್ಟದ ಕಲ್ಲುಗೋಡೆ ಎಬ್ಬಿಸಿದರು. ಹಾದಿ ಊರಿನದು, ಎರಡೂ ಬದಿಯ ಹೊಲ ದೇಸಾಯಿಯದು. ಕಲ್ಲು ಹೊತ್ತವರು ಕೇರಿಯವರೇ, ಮಾರೆಪ್ಪನೂ ಹೊತ್ತ. ಅಂದಿನಿಂದ ಕೇರಿಯ ಹೆಣಗಳು ಹಳ್ಳದ ಎರೆಕೆಸರಿನಲ್ಲಿ ಸುತ್ತು ಹಾಕಿ ಹೋದವು. ಕುದುರಿಗೆ ಹಾದಿ ಐತಿ, ಹೆಣಕ್ಕಿಲ್ಲ ಎಂದು ಕೇರಿಯೊಳಗೆ ಆಡಿಕೊಂಡರು. ವಾಡೆಯ ಮುಂದೆ ಯಾರೂ ಆಡಲಿಲ್ಲ.

ಕೆಂಚಿ ಗೋಡೆ ಕಂಡರೆ ಸಾಕು, ತಲೆ ಎತ್ತಿ, ಕಣ್ಣು ಬೆಳ್ಳಗೆ ಮಾಡಿಕೊಂಡು ನುಗ್ಗುತ್ತಿತ್ತು. ಭಾರಿ ಧೈರ್ಯದ ಕುದುರೆ ಎಂದು ದೇಸಾಯಿಯ ಮಗ ಹಿಗ್ಗುತ್ತಿದ್ದ. ರೊಟ್ಟಿ ತಂದ ಹುಲಿಗವ್ವನೂ ಹಾಗೇ ಅಂದಾಗ ಮಾರೆಪ್ಪ ತಲೆಯಾಡಿಸಿದ.

"ಧೈರ್ಯ ಎಲ್ಲೀದು. ಅಂಜಿ ಓಡತೈತಿ ಅದು. ಲಗೂ ದಾಟಿಬಿಟ್ರ ಅಂಜಿಕಿ ಮುಗೀತು ಅಂತ ತಿಳದೈತಿ."

"ಮತ್ತ ಏನ್ ಮಾಡ್ತಿ?"

"ಗೋಡಿ ಮುಂದ ನಿಂದರಸ್ತೀನಿ, ಉಸಿರು ಇಳಿಯೂತನ. ಮತ್ತೇನಿಲ್ಲ."

ಹಾಗೇ ಮಾಡಿದ. ಸಾವಕಾಶ ಗೋಡೆಯವರೆಗೆ ನಡೆಸಿ, ಲಗಾಮು ಸಡಿಲಿಸಿ, ಕಲ್ಲು ಮೂಸಲು ಬಿಡುತ್ತಿದ್ದ. ಹಾರಿಸದೆ ತಿರುಗಿಸಿಕೊಂಡು ಬರುತ್ತಿದ್ದ, ಮತ್ತೆ ಒಯ್ಯುತ್ತಿದ್ದ. ನೆಲದ ಮೇಲೆ ಜಾಲಿಯ ತೊಲೆಯೊಂದನ್ನು ಉರುಳಿಸಿ ಅದನ್ನೇ ದಾಟಿಸುತ್ತಿದ್ದ. ಕೆಂಚಿ ಕತ್ತು ಇಳಿಸತೊಡಗಿತ್ತು. ಸಂಜೆ ದೇಸಾಯಿಯ ಮಗ ಚಾಟಿ ಹಿಡಿದು ಹತ್ತಿದನೆಂದರೆ ಅಷ್ಟೂ ಕೆಡುತ್ತಿತ್ತು. ಮಾರೆಪ್ಪ ಮರುದಿನ ಮೊದಲಿನಿಂದ ಶುರು ಮಾಡುತ್ತಿದ್ದ.

ಆ ಮಳೆಗಾಲದಲ್ಲಿ ಅವನ ತಾಯಿ ಸತ್ತಳು. ಹಳ್ಳದಲ್ಲಿ ಹೊತ್ತವರ ಕಾಲು ಜಾರಿ ಹೆಣ ಕೆಸರಿಗೆ ಬಿತ್ತು. ಅವ್ವನ ಬಾಯೊಳಗಿನ ಕೆಸರನ್ನು ಮಾರೆಪ್ಪ ಬೆರಳಿನಿಂದ ತೆಗೆದ. ಸಂಜೆ ಲಾಯಕ್ಕೆ ಹೋಗಿ ಕುದುರೆಗೆ ಹುಲ್ಲು ಹಾಕಿದ.

*

ಈಗ ಅವನ ಹೆಣ ಅದೇ ಹಳ್ಳದ ಕಡೆ ಹೊರಟಿತ್ತು. ರಾತ್ರಿ ಮಳೆಯಾಗಿತ್ತು. ಹೊತ್ತವರು ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಹಿಂದೆ ಹಲಗೆಯ ಬಡಿತವೂ ಓಡುತ್ತಿತ್ತು. ಹಾದಿ ಒಡೆಯುವ ಬೇವಿನ ಮರದ ಹತ್ತಿರ ವಿರುಪಣ್ಣ ಎಡಕ್ಕೆ, ಹಳ್ಳದ ಕಡೆ, ಕೈ ಮಾಡಿದ.

ಹುಲಿಗವ್ವ ಮುಂದೆ ಬಂದು ಚಟ್ಟದ ಬಿದಿರು ಹಿಡಿದಳು. ಸಾವಕಾಶ ಎಂದಳು. ನೇರ ಗೋಡೆಯ ಕಡೆ ನಡೆದಳು. ಬಿದಿರಿನ ಹಿಂದೆ ಹೊತ್ತವರೂ ನಡೆದರು. ಗೋಡೆ ಮುಟ್ಟಿದ ಮೇಲೆ ಇಳಿಸಲು ಹೇಳಿದಳು.

"ಹುಚ್ಚು ಹಿಡದೈತೇನು ನಿನಗ? ಲಗೂ ಮುಗಿಸೂಣು ನಡಿ," ಎಂದ ವಿರುಪಣ್ಣ. ಮತ್ತೆ ಮತ್ತೆ ವಾಡೆಯ ಕಡೆ ನೋಡುತ್ತಿದ್ದ.

"ಜರಾ ನಿಂದರ್ರಿ, ಮಾವ."

ಚಟ್ಟ ಇಳಿಯಿತು. ಗೋಡೆಯ ಆಚೆ ಹುಣಸೆ ಮರಕ್ಕೆ ಕಟ್ಟಿದ್ದ ಕೆಂಚಿ ಹಲಗೆಯ ಸದ್ದಿಗೆ ಕಾಲು ಕೆದರುತ್ತಿತ್ತು. ನಿನ್ನೆಯಿಂದ ಅದರ ಹತ್ತಿರ ಯಾರೂ ಹೋಗಿರಲಿಲ್ಲ.

ವಾಡೆಯ ಕಾರಭಾರಿ ವೆಂಕೋಬ ಬದುವಿನ ಮೇಲೆ ಬಂದ, ಹಿಂದೆ ಬಡಿಗೆ ಹಿಡಿದ ಆಳುಗಳು. ಅವನನ್ನು ಕಂಡದ್ದೇ ವಿರುಪಣ್ಣನ ಹೆಗಲ ಟವೆಲು ಕಂಕುಳಿಗೆ ಇಳಿಯಿತು.

"ಹಳ್ಳದ ಹಾದಿ ಐತಲ್ಲ. ಧಣಿ ನೋಡೂದ್ರೊಳಗ ಎತ್ರಿ," ಎಂದ ವೆಂಕೋಬ. ದನಿಯೇನೂ ಜೋರಿರಲಿಲ್ಲ. ಸತ್ತವನ ಮನೆಗೆ ವಾಡೆಯಿಂದ ಜೋಳ ಬರುತ್ತದೆ ಎಂದೂ ಸೇರಿಸಿದ.

ಹುಲಿಗವ್ವ ಕಲ್ಲಿನ ಮೇಲೆ ಅಂಗೈ ಊರಿ ನಿಂತಿದ್ದಳು. ಹಲಗೆ ನಿಂತಿತು. ಹೊತ್ತು ಬಂದವರ ಏದುಸಿರು ಮೆಲ್ಲಗೆ ಇಳಿಯತೊಡಗಿತು. ಆಚೆ ಕೆಂಚಿಯೂ ಕಾಲು ಕೆದರುವುದು ಬಿಟ್ಟಿತ್ತು.

"ವಿರುಪಣ್ಣ, ನಿನಗ ಹೇಳಿದ್ದು. ಎತ್ತಸು."

ವಿರುಪಣ್ಣ ಚಟ್ಟದ ಕಡೆ ಬಾಗಿದ. ಬಾಗಿದವನು ಕಂಕುಳಿನ ಟವೆಲು ತೆಗೆದು, ಅಣ್ಣನ ಮಗನ ತಲೆಯ ಹತ್ತಿರ, ಗೋಡೆಗೆ ಎದುರಾಗಿ ಹಾಸಿ, ಅದರ ಮೇಲೆ ಕುಳಿತ.