ಸದ್ಯಕ್ಕೆ ಇಲ್ಲೇ ಇದ್ದಾಳೆ

"ಇದು ನಮ್ಮನೆ ಕೀ ಥರಾನೇ ಇದೆಯಲ್ಲೇ!"

ನೆನೆಹಾಕಲು ತೆಗೆದ ಸ್ಕೂಲ್ ಲಂಗದ ಜೇಬಿನಲ್ಲಿ ಸಿಕ್ಕಿದ ಬೀಗದ ಕೈಯನ್ನು ಅತ್ತೆ ಬೆಳಕಿಗೆ ಹಿಡಿದಳು. ಹುಡುಗಿ ಕೂತಲ್ಲಿಂದ ಎದ್ದು ನಿಂತಳು. ಅತ್ತೆ ಸೀದಾ ಮುಂಬಾಗಿಲಿಗೆ ಹೋಗಿ ಹಾಕಿ ತಿರುವಿದಳು. ಬೀಗ ಕಟಕ್ಕೆಂದು ಬಿಚ್ಚಿಕೊಂಡಿತು.

"ರೀ, ಬನ್ನಿ ಇಲ್ಲಿ. ನಿಮ್ಮ ತಂಗಿ ಮಗಳು ಏನು ಮಾಡಿಸಿಕೊಂಡಿದ್ದಾಳೆ ನೋಡಿ."

ಕನ್ನಡಕದ ಅಂಗಡಿಯಲ್ಲಿ ವಾರವಿಡೀ ಗಾಜು ತೇಯುವ ಮಾವ, ರಜೆಯೆಂದು ಪೇಪರು ಹಿಡಿದು ಕೂತಿದ್ದವನು, ಎದ್ದು ಬಂದ.

ತಾಯಿ ತೀರಿಕೊಂಡ ಮೇಲೆ ಹುಡುಗಿ ಈ ಮನೆಗೆ ಬಂದು ಎರಡು ವರ್ಷವಾಗಿತ್ತು. ಯಾರಾದರೂ ವಿಚಾರಿಸಿದರೆ ಅತ್ತೆ, "ಇವರ ತಂಗಿ ಮಗಳು, ಸದ್ಯಕ್ಕೆ ಇಲ್ಲೇ ಇದ್ದಾಳೆ" ಎನ್ನುತ್ತಿದ್ದಳು. ಕೆಟ್ಟ ಮನಸ್ಸಿನಿಂದಲ್ಲ, ಮೊದಲ ದಿನ ಹೇಳಿದ್ದು ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ಊಟಕ್ಕೆ, ಬಟ್ಟೆಗೆ ಕೊರತೆಯೇನಿರಲಿಲ್ಲ. ಆದರೆ ಬೀಗದ ಕೈ ಇದ್ದದ್ದು ಮಾವನ ಬಳಿ, ಅತ್ತೆಯ ಬಳಿ, ಕಾಲೇಜಿಗೆ ಹೋಗುವ ಅವರ ಮಗಳ ಬಳಿ. ಶಾಲೆ ಬಿಟ್ಟ ಮೇಲೆ ಹುಡುಗಿ ಮೆಟ್ಟಿಲ ಮೇಲೆ ಕೂತು ಅವರಲ್ಲೊಬ್ಬರು ಬರಲೆಂದು ಕಾಯುತ್ತಿದ್ದಳು.

"ಯಾರಿಗೆ ಕೊಡೋಕೆ ಮಾಡಿಸಿದ್ದು? ಬಾಯಿ ಬಿಡು" ಎಂದಳು ಅತ್ತೆ.

ಒಳಕೋಣೆಯಲ್ಲಿ ಬೀರು ಕಿರ್ರೆಂದಿತು. ಒಡವೆ ಡಬ್ಬಿಯ ಮುಚ್ಚಳ ತೆಗೆದ ಸದ್ದು. "ಎಲ್ಲಾ ಇದೆ ಕಣಮ್ಮಾ" ಎಂದಳು ಮಗಳು ಅಲ್ಲಿಂದಲೇ.

ಹುಡುಗಿ ಮಾವನ ಕಡೆ ತಿರುಗಿದಳು. "ನನಗೇ ಅಂತ ಮಾಡಿಸಿದ್ದು. ಅತ್ತೆ ಮಲಗಿದ್ದಾಗ ಅವರ ಕೀ ತಗೊಂಡು ಹೋಗಿದ್ದೆ. ಒಂದು ಸಲಾನೂ ಬಾಗಿಲು ತೆಗೆದಿಲ್ಲ, ದೇವರಾಣೆ."

"ತೆಗೆಯೋಕಲ್ಲ ಅಂದ್ರೆ ಮತ್ತ್ಯಾಕೆ?" ಎಂದಳು ಅತ್ತೆ.

"ಎದುರುಮನೆ ಅಜ್ಜಿ ದಿನಾ ಕೇಳ್ತಾರೆ, 'ಮನೆಯವರು ಇನ್ನೂ ಬಂದಿಲ್ವಾ ಮರಿ' ಅಂತ. ಜೇಬಲ್ಲಿ ಒಂದು ಕೀ ಇದ್ರೆ..."

ಕೀ ಮಾಡಿಕೊಟ್ಟ ಬೀಗ ರಿಪೇರಿಯವನು "ಯಾರ ಮನೇದಮ್ಮ ಇದು?" ಎಂದಾಗ "ನಮ್ಮನೇದು" ಎಂದುಬಿಟ್ಟಿದ್ದಳು. ಆ ಮಾತನ್ನೇ ಕದ್ದು ತಂದಂತೆ ಈಗ ಅವಳಿಗೆ ನಾಚಿಕೆಯಾಯಿತು.

ಅತ್ತೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ತೊಳೆಯಲು ಒಂದು ಲೋಟವೂ ಇರಲಿಲ್ಲ. ಮಗಳು ಹೊರಗೆ ಬಂದು, "ನಾನು ಸುಮ್ನೆ ನೋಡಿದೆ ಕಣೇ" ಎಂದು ಯಾರ ಮುಖವನ್ನೂ ನೋಡದೆ ಹೇಳಿದಳು.

"ಕೇಳಿದ್ರೆ ಕೊಡ್ತಿರಲಿಲ್ವೇನೇ?" ಎಂದ ಮಾವ. ಹೇಳಿದವನಿಗೇ ಅದು ಸರಿಯೆನಿಸಲಿಲ್ಲ. ಕನ್ನಡಕ ತೆಗೆದು ಅಂಗಿಯಂಚಿನಿಂದ ಒರೆಸಿದ, ಮತ್ತೆ ಒರೆಸಿದ. "ನೀನು ಕೇಳೋವರೆಗೂ ನಾನು ಬಿಡಬಾರದಾಗಿತ್ತು" ಎಂದು, ಬಾಗಿಲಲ್ಲೇ ಉಳಿದಿದ್ದ ಬೀಗದ ಕೈಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಚಿದ.

ಮರುದಿನ ಶಾಲೆಯಿಂದ ಬಂದವಳು ಮೊದಲ ಸಲ ತಾನೇ ಬಾಗಿಲು ತೆಗೆದಳು. ಒಳಗೆ ಯಾರೂ ಇಲ್ಲದಾಗ ಈ ಮನೆ ಹೇಗಿರುತ್ತದೆಂದು ಅವಳು ನೋಡಿಯೇ ಇರಲಿಲ್ಲ. ಫ್ಯಾನಿನ ಸ್ವಿಚ್ಚಿನವರೆಗೆ ಹೋದ ಕೈ ಹಿಂದಕ್ಕೆ ಬಂತು. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಬೀರು ಕಾಣುತ್ತಿತ್ತು. ಅದಕ್ಕೆ ಬೆನ್ನು ಮಾಡಿ, ಹೆಗಲಿನ ಬ್ಯಾಗನ್ನೂ ಇಳಿಸದೆ, ಯಾರಾದರೂ ಬರುವವರೆಗೆ ನಡುಮನೆಯಲ್ಲಿ ನಿಂತೇ ಇದ್ದಳು.