ಎರಡು ಚರಣಗಳ ನಡುವೆ

ಎಡಗಿವಿಯದು ಸಲೀಸಾಗಿ ಬಂತು. ಬಲಗಿವಿಯದು ಬರಲಿಲ್ಲ.

ಮಗಳು ಇನ್ನೊಮ್ಮೆ ಎಳೆದು ನೋಡಿದಳು. ಸ್ಪಂಜಿನ ತುದಿಯ ಇಯರ್‌ಫೋನ್ ಅದು. ಬೆರಳಲ್ಲಿ ಹೊಸಕಿ ಕಿವಿಯೊಳಗೆ ಇಟ್ಟರೆ ನಿಧಾನವಾಗಿ ಉಬ್ಬಿ, ಹೊರಗಿನ ಸದ್ದು ಒಂದಿಷ್ಟೂ ನುಸುಳದ ಹಾಗೆ ಕೂತುಬಿಡುತ್ತದೆ. ಅಪ್ಪನ ಬಲಗಿವಿಯ ದಾರಿ ಮೊದಲಿನಿಂದಲೂ ಕಿರಿದು.

"ಎಳೀಬೇಡ, ತಿರುಗಿಸಿ ತೆಗಿ. ನೋವಾಗುತ್ತೆ," ಅಂದಳು ಅತ್ತೆ. ಅಂದಮೇಲೆ ತಾನು ಹೇಳಿದ್ದೇನೆಂದು ಹೊಳೆದು ಕಿಟಕಿಯ ಕಡೆ ತಿರುಗಿ ನಿಂತಳು. ಅಪ್ಪನ ಅಕ್ಕ ಅವಳು. ತಾಯಿಯಿಲ್ಲದ ಈ ಹುಡುಗಿಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳು.

ತಿರುಗಿಸಿದ ಮೇಲೆ ಬಂತು. ಅಪ್ಪನ ಕಿವಿಯ ಆಕಾರವನ್ನೇ ಹೊತ್ತುಕೊಂಡು ಬಂದ ಸ್ಪಂಜು ಅವಳ ಅಂಗೈಯಲ್ಲಿ ಮೆಲ್ಲಗೆ ಅರಳಿಕೊಳ್ಳತೊಡಗಿತು. ಅವಳು ಮುಷ್ಟಿ ಮುಚ್ಚಿದಳು.

ಹಿಂದಿನ ಸಂಜೆ ಕುರ್ಚಿಯಲ್ಲಿ ಹಾಡು ಕೇಳುತ್ತ ಕೂತವನು ಕೂತಲ್ಲೇ ಹೋಗಿದ್ದ. ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲು ಬಡಿದು ಬಡಿದು ಸಾಕಾಗಿ ಅತ್ತೆಗೆ ಫೋನ್ ಮಾಡಿದ್ದರು. ಡಾಕ್ಟರು ಬಂದು, ಹೃದಯ ನಿಂತಿದೆ, ಒದ್ದಾಡಿದ ಗುರುತಿಲ್ಲ ಎಂದು ಹೇಳಿ ಹೋಗಿದ್ದರು. ಎದೆಯ ಮೇಲಿದ್ದ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪ್ಲೇಯರ್ ಬ್ಯಾಟರಿ ಮುಗಿದು ಕಪ್ಪಾಗಿತ್ತು. ಅವನು ಹೋದ ಮೇಲೂ ಅದು ಎಷ್ಟು ಹೊತ್ತು ಅವನ ಕಿವಿಯಲ್ಲಿ ಹಾಡುತ್ತಲೇ ಇತ್ತೋ.

"ಅದನ್ನ ಅವನ ಜೇಬಲ್ಲೇ ಹಾಕಿ ಕಳಿಸಿಬಿಡೋಣ," ಅತ್ತೆ ಕಿಟಕಿಯ ಕಡೆಗೇ ಮುಖ ಮಾಡಿ ಅಂದಳು. "ಈ ಮನೇಲಿ ಇನ್ನು ಅದು ಬೇಡ. ನಂಗೆ ಅದನ್ನ ಕಂಡ್ರೇ ಒಂಥರಾ."

ಮಗಳು ಇಯರ್‌ಫೋನನ್ನೂ ಪ್ಲೇಯರನ್ನೂ ಮೇಜಿನ ಮೇಲಿಟ್ಟಳು.

ಹೊರಗಿನ ಕೋಣೆಯಲ್ಲಿ ಜನ ಸೇರತೊಡಗಿದ್ದರು. ಅಪ್ಪ ಲಿಫ್ಟ್ ರಿಪೇರಿಯವನು. ಬಂದವರಲ್ಲಿ ಹೆಚ್ಚಿನವರು ಅದೇ ಕೆಲಸದವರು. ಅವರಲ್ಲಿ ಅಪ್ಪನ ಜೊತೆ ತುಂಬ ಕಾಲ ದುಡಿದವನಿಗೆ ಎಣ್ಣೆಡಬ್ಬಿ ಎಂದೇ ಹೆಸರು, ಮಗಳಿಗೆ ಮಾತ್ರ ಎಣ್ಣೆಡಬ್ಬಿ ಮಾಮ. ಅವನು ಟೇಪು ಹಿಡಿದು ಈ ಕಟ್ಟಡದ ಲಿಫ್ಟನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದು ಬಂದಿದ್ದ. ಮಲಗಿಸಿಕೊಂಡು ಹೋಗಲು ಜಾಗ ಸಾಲದು, ಮೆಟ್ಟಿಲಲ್ಲೇ ಇಳಿಸಬೇಕು ಎಂದು ಹೇಳುವಾಗ ಅವನಿಗೆ ನಗುವೂ ಬಂತು, ಅಳುವೂ ಬಂತು. ಊರಿಗೆಲ್ಲ ಮೆಟ್ಟಿಲು ತಪ್ಪಿಸಿದವನು, ಅಂದ.

*

ಅಮ್ಮ ಹೋದಾಗ ಮಗಳಿಗಿನ್ನೂ ಮಾತು ಬಂದಿರಲಿಲ್ಲ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಸಂಜೆ ಹೊತ್ತು ಹೆಂಗಸರ ಗುಂಪುಗಾನದ ತಂಡಕ್ಕೆ ಹೋಗುತ್ತಿದ್ದಳು. ಹನ್ನೆರಡು ಜನ ಸೇರಿ ಒಂದು ಶಾಲೆಯ ಹಾಲ್‌ನಲ್ಲಿ ಹಾಡಿದ್ದನ್ನು ಯಾರೋ ಕ್ಯಾಸೆಟ್ ಮಾಡಿದರು. ಕ್ಯಾಸೆಟ್ ಕೈಗೆ ಬರುವ ಹೊತ್ತಿಗೆ ಅಮ್ಮ ಇರಲಿಲ್ಲ. ಹೊದಿಕೆಯ ಮೇಲೆ ಹನ್ನೆರಡು ಹೆಸರು ಅಚ್ಚಾಗಿದ್ದವು, ಅವಳದೂ ಇತ್ತು.

ಆ ಹಾಡಿನಲ್ಲಿ ಅವಳನ್ನು ಹುಡುಕುವುದೇ ಅಪ್ಪನ ಬದುಕಾಯಿತು. ಕ್ಯಾಸೆಟ್ ಸವೆಯುವ ಮೊದಲು ಅದನ್ನು ಸೀಡಿಗೆ ಹಾಕಿಸಿದ, ಆಮೇಲೆ ಸಣ್ಣ ಪ್ಲೇಯರ್‌ಗೆ, ಆಮೇಲೆ ಇನ್ನೂ ಸಣ್ಣದಕ್ಕೆ. ಪ್ರತಿ ಸಲ ಹೊಸ ಇಯರ್‌ಫೋನ್ ತಂದಾಗಲೂ ಕೇಳುತ್ತಿದ್ದುದು ಅದೊಂದೇ ಹಾಡು. ಇದರಲ್ಲಿ ಬೇಸ್ ಜಾಸ್ತಿ, ಹನ್ನೆರಡೂ ಜನಕ್ಕೆ ಒಂದೇ ಕಂಬಳಿ ಹೊದಿಸಿದ ಹಾಗಿದೆ, ಅನ್ನುತ್ತಿದ್ದ. ಇದು ಚೂಪು, ಸಕಾರ ಬಂದಾಗೆಲ್ಲ ಸೂಜಿ ಚುಚ್ಚುತ್ತೆ, ಅನ್ನುತ್ತಿದ್ದ. ಬಿಳಿ ಪ್ಲೇಯರ್ ಚೊಕ್ಕ, ಆದರೆ ಆಸ್ಪತ್ರೆ ಥರ. ಕಪ್ಪು ಪ್ಲೇಯರ್‌ನಲ್ಲಿ ಸ್ವಲ್ಪ ಗೊರಗೊರ, ಆದರೆ ಮನುಷ್ಯರ ಬಿಸಿ ಇದೆ. ಕೇಳಿ ಮುಗಿಸಿ ಒಂದು ಕಿವಿಯದನ್ನು ಮಗಳ ಕಿವಿಗಿಡುತ್ತಿದ್ದ. "ಎಡಗಡೆಯಿಂದ ಮೂರನೇ ದನಿ. ಅದು ನಿಮ್ಮಮ್ಮ."

ಮಗಳಿಗೆ ಕೇಳಿಸುತ್ತಿದ್ದುದು ಹೆಂಗಸರ ಒಂದು ಗುಂಪು, ಅಷ್ಟೇ. ಹೈಸ್ಕೂಲಿಗೆ ಸೇರಿದ ವರ್ಷ ಅಪ್ಪ ಯಾವುದೋ ಅಗ್ಗದ, ಬೇಸೇ ಇಲ್ಲದ ಇಯರ್‌ಫೋನ್ ತಂದ. ಅದರಲ್ಲಿ ಒಂದು ದನಿ, ಸ್ವರವನ್ನು ಉದ್ದಕ್ಕೆ ಎಳೆದಾಗ ಕೊನೆಯಲ್ಲಿ ಕೂದಲೆಳೆಯಷ್ಟು ಬಿರಿಯುವ ದನಿ, ಉಳಿದ ಹನ್ನೊಂದನ್ನು ಬಿಟ್ಟು ಹೊರಗೆ ಬಂತು.

"ಅಪ್ಪ, ಸಿಕ್ಕಿದ್ಳು," ಅಂದಳು.

ಅಪ್ಪ ಅಡುಗೆಮನೆಗೆ ಹೋಗಿ ಟೀ ಪಾತ್ರೆಯನ್ನು ತೊಳೆದದ್ದನ್ನೇ ತೊಳೆಯುತ್ತ ನಿಂತ.

ಆಮೇಲೆ ಆ ದನಿ ಅವಳದೂ ಆಯಿತು. ಪರೀಕ್ಷೆಯ ಹಿಂದಿನ ದಿನ, ಜ್ವರ ಬಂದಾಗ, ಮದುವೆಯ ಬೆಳಿಗ್ಗೆ ಅವಳು ಅದನ್ನು ಕೇಳಿಸಿಕೊಂಡಳು. ಈಗ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಗಾಜು ಬದಲಿಸಿ ಬದಲಿಸಿ ಇದು ಸ್ಪಷ್ಟವೋ, ಇದೋ ಎಂದು ಕೇಳುವಾಗ ತನ್ನ ಬಾಯಲ್ಲಿ ಅಪ್ಪನೇ ಕೂತು ಮಾತಾಡುತ್ತಿದ್ದಾನೆ ಅನ್ನಿಸುತ್ತದೆ.

*

ಇಯರ್‌ಫೋನ್ ಅಂಗಡಿಯವರು ಏದುಸಿರು ಬಿಡುತ್ತ ಬಂದರು. ದಪ್ಪನೆಯ ಮನುಷ್ಯ, ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತಿಯೇ ಬಂದಿದ್ದರು, ಯಾಕೋ ಇವತ್ತು ಅದರೊಳಗೆ ಕಾಲಿಡಲು ಮನಸ್ಸಾಗಲಿಲ್ಲವಂತೆ. ಅಪ್ಪನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತರು. ಮೇಜಿನ ಮೇಲೆ ಕಪ್ಪಾಗಿ ಬಿದ್ದಿದ್ದ ಪ್ಲೇಯರ್ ನೋಡಿ, ಯಾರನ್ನೂ ಕೇಳದೆ, ಜೇಬಿನಿಂದ ವೈರ್ ತೆಗೆದು ಚಾರ್ಜಿಗೆ ಹಾಕಿದರು. ಬಾಡಿದ ಗಿಡ ಕಂಡರೆ ಕೆಲವರು ತಮಗೆ ಗೊತ್ತಿಲ್ಲದೆಯೇ ನೀರು ಹಾಕುತ್ತಾರಲ್ಲ, ಹಾಗೆ.

ಎಣ್ಣೆಡಬ್ಬಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡ. ಸಾವಿನ ಮನೆಯ ಮಾತು ಎಲ್ಲಿಂದಲೋ ಎಲ್ಲಿಗೋ ಹೋಗುತ್ತದೆ. ತನಗಾದರೆ ಎದೆ ನಡುಗುವ ಹಾಗೆ ಬೇಸ್ ಇರಬೇಕು, ಇಲ್ಲದಿದ್ದರೆ ಊಟಕ್ಕೆ ಉಪ್ಪಿಲ್ಲದ ಹಾಗೆ ಎಂದು ಎಣ್ಣೆಡಬ್ಬಿ ಹೇಳಿದ. ಅದು ಒಬ್ಬೊಬ್ಬರ ನಾಲಿಗೆ ಇದ್ದ ಹಾಗೆ, ಸರಿ ತಪ್ಪು ಅಂತ ಇಲ್ಲ ಎಂದರು ಅಂಗಡಿಯವರು. ಬೇಸ್ ಬೇಕೆನ್ನುವವರು ಇದ್ದಾರೆ, ತಾಳದ ಕಿಣಿಕಿಣಿ ಬೇಕೆನ್ನುವವರು ಇದ್ದಾರೆ. ಒಂದು ಸಲ ಕಿವಿ ಒಪ್ಪಿಕೊಂಡ ರುಚಿಯನ್ನು ಜನ ಸುಲಭವಾಗಿ ಬಿಡುವುದಿಲ್ಲ.

"ನಿಮ್ಮ ತಂದೆ ಮಾತ್ರ ಬಿಟ್ರು," ಅಂದರು, ಮಗಳ ಕಡೆ ತಿರುಗಿ. "ಮೊದಲೆಲ್ಲ ದನಿ ಮುಂದೆ ಬರಬೇಕು, ಮುಖದ ಹತ್ರ ನಿಂತು ಹಾಡಬೇಕು ಅಂತಿದ್ರು. ಒಂದಿನ ಬಂದವರೇ, ಹಾಡೋರು ಹಿಂದೆ ಸರಿಯೋ ಥರದ್ದು ಕೊಡಿ ಅಂದ್ರು. ಹಾಲ್ ಕೇಳಿಸಬೇಕು, ಗೋಡೆ ಕೇಳಿಸಬೇಕು, ಸೂಜಿ ಬಿದ್ರೂ ಕೇಳಿಸಬೇಕು. ಅಷ್ಟು ವರ್ಷದ ಗಿರಾಕಿ, ಬೇರೆ ಯಾರದೋ ಕಿವಿ ಹಾಕ್ಕೊಂಡು ಬಂದ ಹಾಗಿತ್ತು."

ಮಗಳಿಗೆ ತಾನು ಕೊಟ್ಟಿದ್ದ ಇಯರ್‌ಫೋನ್ ನೆನಪಾಯಿತು.

*

ಅಪ್ಪ ಕೆಲಸದಿಂದ ನಿವೃತ್ತನಾದ ದಿನ ಅವಳು ಒಂದು ಒಳ್ಳೆಯ ಇಯರ್‌ಫೋನ್ ಕೊಟ್ಟಿದ್ದಳು. ಅಂಗಡಿ ಅಂಗಡಿ ಸುತ್ತಿ, ಅದೇ ಹಾಡು ಹಾಕಿಸಿಕೊಂಡು ಕೇಳಿ, ಆ ಮೂರನೇ ದನಿ ಎಲ್ಲಕ್ಕಿಂತ ಹತ್ತಿರ ಬರುವುದನ್ನೇ ಆರಿಸಿದ್ದಳು. ಅಪ್ಪ ಕಣ್ಣು ಮುಚ್ಚಿ ಕೇಳಿದ.

"ಎಷ್ಟು ಹತ್ರ ಇದಾಳೆ ನೋಡು ಅಮ್ಮ," ಅಂದಳು ಅವಳು.

ಅಪ್ಪ ಕಣ್ಣು ತೆರೆದು ಅವಳನ್ನು ನೋಡಿದ. ಏನೋ ಹೇಳಬೇಕೆಂದು ಬಾಯಿ ತೆರೆದವನು ಅದನ್ನು ನುಂಗಿಕೊಂಡ ಹಾಗೆ ಕಂಡಿತು. "ಹೂಂ. ಚೆನ್ನಾಗಿ ಕೇಳಿಸ್ತಿದೆ," ಅಂದ.

ಮುಂದಿನ ಸಲ ಬಂದಾಗ ಅದು ಡಬ್ಬಿಯಲ್ಲೇ ಇತ್ತು. ಅಪ್ಪ ಬೇರೆ ಯಾವುದನ್ನೋ ಕಿವಿಗೆ ಹಾಕಿಕೊಂಡು, ಉಸಿರು ಬಿಗಿಹಿಡಿದು, ಹಾಡು ಮುಗಿದ ಮೇಲೂ ಕೇಳುತ್ತ ಕೂತಿದ್ದ. ಅವಳಿಗೆ ಬೇಜಾರಾಯಿತು. ವಯಸ್ಸಾಯಿತು, ಕಿವಿ ಮಂದವಾಗುತ್ತಿದೆ ಎಂದುಕೊಂಡು ಸುಮ್ಮನಾದಳು.

*

"ಒಳಗೆ ಬರಬಹುದಾ?"

ಬಾಗಿಲಲ್ಲಿ ಯಾರೋ ಕೇಳಿದರು. ಮಗಳು ಆಗ ನೀರಿನ ಲೋಟ ತೆಗೆದುಕೊಂಡು ಹೋಗುತ್ತಿದ್ದಳು. ಆ ಮಾತಿನ ಕೊನೆ ತುಸು ಎಳೆದು, ಕೂದಲೆಳೆಯಷ್ಟು ಬಿರಿದು ನಿಂತಿತು. ಎಡಗಡೆಯಿಂದ ಮೂರನೇ ದನಿ. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಕೋಣೆಯಲ್ಲಿ ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಎಣ್ಣೆಡಬ್ಬಿ ಎದ್ದು ಕುರ್ಚಿ ಬಿಟ್ಟುಕೊಟ್ಟ, ಅತ್ತೆ ಬನ್ನಿ ಅಂದಳು.

ಬಂದದ್ದು ಬೆಳ್ಳನೆಯ ಕೂದಲಿನ ಒಬ್ಬ ಹೆಂಗಸು. ತಾನು ಹಿಂದೆ ಗುಂಪುಗಾನದ ತಂಡದಲ್ಲಿದ್ದವಳು ಎಂದು ಹೇಳಿಕೊಂಡರು. ಅಪ್ಪನ ಮುಖವನ್ನು ನೋಡಿ ಕೈ ಮುಗಿದರು. ಆಮೇಲೆ ಮಗಳ ಮುಖ ನೋಡಿದವರು ಅಲ್ಲಿಂದ ಕಣ್ಣು ಕೀಳಲಿಲ್ಲ.

"ಗುರುತು ಸಿಕ್ತು ಅಲ್ವಾ ನಿಂಗೆ? ನನ್ನ ದನಿ."

ಮಗಳು ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಒರಗಿಸಿದಳು. ಅವರು ನಿಂತುಕೊಂಡೇ ಹೇಳಿದರು. ಕೆಲವು ವರ್ಷದ ಹಿಂದೆ ಅಪ್ಪ ಅವರ ಕಟ್ಟಡದ ಲಿಫ್ಟ್ ರಿಪೇರಿಗೆ ಬಂದಿದ್ದ. ಪರಿಚಯವಾಯಿತು. ಜೇಬಿನಿಂದ ಪ್ಲೇಯರ್ ತೆಗೆದು, ನೋಡಿ, ಇದರಲ್ಲಿ ನನ್ನ ಹೆಂಡತಿಯ ದನಿ ಎಷ್ಟು ಸ್ಪಷ್ಟವಾಗಿದೆ ಎಂದು ಅವರಿಗೂ ಕೇಳಿಸಿದ. ಅದು ಅವರದೇ ದನಿಯಾಗಿತ್ತು.

"ಅವಳು ಅವತ್ತು ಹಾಡ್ಲೇ ಇಲ್ಲಮ್ಮ. ಗಂಟಲು ಪೂರ್ತಿ ಕಟ್ಟಿತ್ತು, ಪಿಸುಮಾತೂ ಬರ್ತಿರಲಿಲ್ಲ. ಆ ಕಾಯಿಲೆಯಲ್ಲೇ ಅಲ್ವಾ ಹೋಗಿದ್ದು. ಅವಳ ಜಾಗದಲ್ಲಿ ನನ್ನ ನಿಲ್ಲಿಸಿದ್ರು. ಹೆಸರು ಮೊದಲೇ ಅಚ್ಚಾಗಿತ್ತು, ಹಾಗೇ ಉಳೀತು."

ಅಪ್ಪ ಆ ದಿನ ಬೇರೆಲ್ಲೋ ಕೆಲಸದಲ್ಲಿದ್ದ. ಮನೆಗೆ ಬಂದು ಹೇಗಾಯಿತು ಎಂದು ಕೇಳಿದಾಗ ಅಮ್ಮ ತಲೆಯಾಡಿಸಿ ನಕ್ಕಿದ್ದಳಂತೆ. ಹಾಡಿ ಹಾಡಿ ಗಂಟಲು ಕಟ್ಟಿದೆ ಅಂದುಕೊಂಡವನು ಆ ನಗುವಿನ ಮೇಲೆ ಅಷ್ಟು ವರ್ಷದ ನಂಬಿಕೆ ಕಟ್ಟಿಕೊಂಡಿದ್ದ.

"ನಾನು ಬಾಯಿ ಮುಚ್ಕೊಂಡಿರಬೇಕಿತ್ತು," ಅಂದರು. "ಆಮೇಲೆ ನಂಗೆ ಹಾಡೋಕೇ ಆಗಿಲ್ಲ. ಒಬ್ಬರ ಗಂಡ, ಒಬ್ಬರ ಮಗು, ನನ್ನ ಗಂಟಲನ್ನ ಇನ್ನೊಬ್ಬರದು ಅಂದ್ಕೊಂಡು ಅಷ್ಟು ವರ್ಷ ಕೇಳಿದಾರೆ. ಬಾಯಿ ತೆರೆದ್ರೆ ಅವಳೇ ಬಂದು ನಿಂತ ಹಾಗಾಗುತ್ತೆ."

"ಅಪ್ಪ ಏನಂದ?"

"ಮೆಟ್ಟಿಲ ಮೇಲೆ ಕೂತ್ರು. ಆಮೇಲೆ, ಮಗಳಿಗೆ ಹೇಳಬೇಡಿ, ಅವಳಿಗೆ ಸಿಕ್ಕಿರೋದು ಅದೊಂದೇ ಅಂದ್ರು. ಇವತ್ತು ನಿನ್ನ ಮುಖ ನೋಡಿ ನಂಗೆ ಸುಮ್ಮನಿರೋಕೆ ಆಗ್ಲಿಲ್ಲ." ಅವರು ಒರಗಿಸಿದ ಬಾಗಿಲ ಕಡೆ ನೋಡಿದರು. "ಹೊರಡುವಾಗ ಇನ್ನೊಂದು ಕೇಳಿದ್ರು. ಹಾಗಾದ್ರೆ ಅವಳು ಅವತ್ತು ಹಾಲ್‌ಗೆ ಬಂದೇ ಇರಲಿಲ್ವಾ ಅಂತ. ಬಂದಿದ್ದಳು ಅಂದೆ. ಬರದೇ ಇರ್ತಾಳಾ. ಹಿಂದಿನ ಬೆಂಚಲ್ಲಿ ಕೂತಿದ್ದಳು, ನೀನು ಅವಳ ತೊಡೆ ಮೇಲೆ. ಬೆಂಚು ಎಲ್ಲಿತ್ತು, ಮೈಕಿನಿಂದ ಎಷ್ಟು ದೂರ ಇತ್ತು ಅಂತ ಕೇಳಿ ಕೇಳಿ ತಿಳ್ಕೊಂಡು ಹೋದ್ರು."

*

ಕೆಳಗೆ ವ್ಯಾನಿನ ಹಾರ್ನ್ ಆಯಿತು. ಎಣ್ಣೆಡಬ್ಬಿ ತನ್ನವರನ್ನು ಹೊಂದಿಸಿಕೊಂಡು, ಮೆಟ್ಟಿಲ ತಿರುವಿನಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು ಹೇಳತೊಡಗಿದ. ಯಾರೋ ದೊಡ್ಡ ದನಿಯಲ್ಲಿ ಅತ್ತರು. ಅತ್ತೆ ಚಾರ್ಜಿನಿಂದ ಪ್ಲೇಯರ್ ಕಿತ್ತುಕೊಂಡು, ಇಯರ್‌ಫೋನಿನ ವೈರನ್ನು ಅದಕ್ಕೆ ಸುತ್ತಿ, ಅಪ್ಪನ ಜೇಬಿನ ಕಡೆ ಬಗ್ಗಿದಳು.

"ಒಂದ್ನಿಮಿಷ ಅತ್ತೆ," ಮಗಳು ಅದನ್ನು ತೆಗೆದುಕೊಂಡಳು.

ಪರದೆ ಬೆಳಗಿತ್ತು. ಅಂಗಡಿಯವರು ಪಕ್ಕದಲ್ಲಿ ಬಗ್ಗಿ ನೋಡಿ, ಅಪ್ಪ ಹಾಡಿನ ಒಂದು ತುಣುಕನ್ನು ಮಾತ್ರ ಗುರುತು ಹಾಕಿಟ್ಟಿದ್ದಾನೆ, ಅದೇ ಮತ್ತೆ ಮತ್ತೆ ಬರುತ್ತದೆ ಎಂದರು. "ಆದ್ರೆ ಇದ್ರಲ್ಲಿ ಹಾಡಿಲ್ಲ. ಎರಡು ಚರಣದ ಮಧ್ಯದ ಬಿಡುವು ಇದು."

ಅವಳು ಸ್ಪಂಜುಗಳನ್ನು ಹೊಸಕಿ ಎರಡೂ ಕಿವಿಗಿಟ್ಟುಕೊಂಡಳು. ಅದು ಒಳಗೆ ಉಬ್ಬುತ್ತ ಬಂದಂತೆ ಹಾರ್ನ್ ಹೋಯಿತು, ಅಳು ಹೋಯಿತು, ಎಣ್ಣೆಡಬ್ಬಿಯ ಮಾತು ಹೋಯಿತು. ಜನರ ಬಾಯಿಗಳು ಸುಮ್ಮನೆ ಆಡುತ್ತಿದ್ದವು. ಅವಳು ಗುಂಡಿ ಒತ್ತಿದಳು.

ಮೊದಲ ಚರಣದ ಬಾಲ, ಮೂರನೇ ದನಿಯ ಬಿರುಕು, ಅದು ಗೋಡೆಗೆ ತಾಗಿ ಕರಗಿತು. ಆಮೇಲೆ ಹಾಲ್. ಎತ್ತರದ ಚಾವಣಿ, ಯಾರದೋ ಕಾಲು ಸರಿದದ್ದು, ದೂರದಲ್ಲಿ ಮರದ ಬೆಂಚಿನ ಕಿರ್ರ್. ಅಲ್ಲೇ, ಬೆಂಚಿನ ಹತ್ತಿರ, ಒಂದು ಮಗು ಅಳಲು ಶುರುಮಾಡಿತು. ಅ, ಅಂದದ್ದಷ್ಟೇ. ಅದರ ಮೇಲೆ, ದನಿಯೇ ಇಲ್ಲದ ಗಂಟಲಿನಿಂದ, ಬರೀ ಉಸಿರಿನಲ್ಲಿ, ಯಾರೋ ಅದನ್ನು ಸುಮ್ಮನಿರಿಸಿದರು. ಮಗು ಸುಮ್ಮನಾಯಿತು.

ಮತ್ತೆ ಚರಣದ ಬಾಲ. ಮತ್ತೆ ಬೆಂಚು. ಮತ್ತೆ ಮಗು. ಮತ್ತೆ ಆ ಉಸಿರು.

ಯಾರೋ ಭುಜ ಮುಟ್ಟಿದರು. ಎಣ್ಣೆಡಬ್ಬಿ ಮಾಮ ಏನೋ ಕೇಳುತ್ತಿದ್ದ. ಅವನ ಹಿಂದೆ ನಾಲ್ಕು ಜನ ಅಪ್ಪನನ್ನು ಅರ್ಧ ಎತ್ತಿ ಹಿಡಿದು ನಿಂತಿದ್ದರು. ಅತ್ತೆಯ ತುಟಿ ಅಲುಗುತ್ತಿತ್ತು, ಬಾಗಿಲ ತುಂಬ ಜನ ಮಾತಾಡುತ್ತಿದ್ದರು.

ಅವಳು ಕಣ್ಣು ಮುಚ್ಚಿ ತುಟಿಯ ಮೇಲೆ ಬೆರಳಿಟ್ಟಳು.

"ಶ್," ಅಂದಳು.

ಕೋಣೆಗೆ ಕೋಣೆಯೇ ಸುಮ್ಮನಾಯಿತು. ಎತ್ತಿದವರು ಎತ್ತಿದಲ್ಲೇ ನಿಂತರು.